ಪುಸ್ತಕದ ಹನ್ನೆರಡು ಅಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಆವತ್ತು ಬೆಳಿಗ್ಗೆಯೇ ಬಂದಿತ್ತು. ನೀರಿನ ಪಂಪ್‌ಹೌಸಿನಲ್ಲಿ ಇಪ್ಪತ್ತಾರು ವರ್ಷ ನಾನು ಕೂತ ಕುರ್ಚಿಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು.

ಪಂಪು ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎಂದು ತಾನೇ ಕಲಿತು ತೀರ್ಮಾನಿಸುವ ಪ್ರೋಗ್ರಾಂ ಮಾಡುವುದು ಅವಳ ಕೆಲಸ. ನಮ್ಮ ಹತ್ತು ವರ್ಷದ ಲಾಗ್‌ಬುಕ್ಕುಗಳನ್ನು ಕಂಪ್ಯೂಟರಿಗೆ ತುಂಬಿ, ಅದರೊಳಗೆ ನಮ್ಮದರಂಥದೇ ಒಂದು ಸುಳ್ಳು ಟ್ಯಾಂಕು ಕಟ್ಟಿದ್ದಳು. ಅದರ ಮೇಲೆ ಲಕ್ಷ ಸಲ ಆಡಿಸಿ ಕಲಿಸಿದ್ದಳು. ನೀರಿನ ಮಟ್ಟ ಕಾಪಾಡಿದರೆ ಅಂಕ, ಕರೆಂಟು ಉಳಿಸಿದರೆ ಇನ್ನಷ್ಟು ಅಂಕ, ಟ್ಯಾಂಕು ಬರಿದಾದರೆ ಕಡಿತ. ಹೀಗೆ ಕಲಿತ ಆರು ಮಾಡೆಲ್‌ಗಳಿದ್ದವು. ಸಂಜೆ ನಾಲ್ಕಕ್ಕೆ ದೊಡ್ಡ ಎಂಜಿನಿಯರ್ ಬಂದಾಗ ಒಂದನ್ನು ಆರಿಸಿ ಕೊಡಬೇಕು. ನಾಳೆಯಿಂದ ಗುಡ್ಡದ ಮೇಲಿನ ಹೆರಿಗೆ ಆಸ್ಪತ್ರೆಗೆ ನೀರು ಹೋಗುವುದು ಅದರ ಮಾತಿನಂತೆ.

“ಎರಡನೇದೇ ಮಾವ. ತೊಂಬತ್ತೇಳು ಅಂಕ! ಮಿಕ್ಕವು ಎಂಬತ್ತೂ ದಾಟಿಲ್ಲ.”

“ತೊಂಬತ್ತೇಳು ತಗೊಂಡೋರು ನಲ್ಲಿ ನಿಲ್ಲಿಸೋಕೆ ಬರದೆ ಒದ್ದೆಯಾಗಿದ್ದನ್ನ ನಾನು ಕಂಡಿದ್ದೀನಿ. ಏನು ಮಾಡುತ್ತೆ, ತೋರ್ಸು.”

ಪರದೆಯ ಮೇಲೆ ಸುಳ್ಳು ಟ್ಯಾಂಕಿನ ಒಂದು ದಿನ ಓಡಿಸಿದಳು. ಬೆಳಗಿನ ಹೊತ್ತು ಚೆನ್ನಾಗಿಯೇ ನಡೆಸಿತು. ಮಧ್ಯಾಹ್ನ ಒಂದಕ್ಕೆ, ನೀರು ಒಂಬತ್ತು ಅಡಿಗೆ ಇಳಿದಿದ್ದಾಗ, ಎರಡೂ ಪಂಪು ಆರಿಸಿ ಸುಮ್ಮನೆ ಕೂತಿತು.

“ಇದಕ್ಕೇನು ಬಂತು ಧಾಡಿ? ಊಟಕ್ಕೆ ಹೋಯ್ತಾ?”

“ಅದು ಜಾಣ ಮಾವ. ದಿನಾ ಎರಡಕ್ಕೆ ನೀರು ತಾನಾಗಿ ಹನ್ನೆರಡು ಅಡಿಗೆ ಏರೋದನ್ನ ಕಂಡ್ಕೊಂಡಿದೆ. ಬೆಳಿಗ್ಗೆ ಆರಕ್ಕೂ ಹಾಗೇ, ರಾತ್ರಿ ಹತ್ತಕ್ಕೂ ಹಾಗೇ. ಬೇರೆ ಪೈಪು ಏನಾದ್ರೂ ಬರುತ್ತಾ ಇಲ್ಲಿಗೆ?”

ಯಾವ ಪೈಪೂ ಇಲ್ಲ. ಆರು, ಎರಡು, ಹತ್ತು ನಮ್ಮ ಪಾಳಿ ಬದಲಾಗುವ ಹೊತ್ತು. ಟ್ಯಾಂಕಿನಲ್ಲಿ ಎಷ್ಟೇ ಇರಲಿ, ಪಾಳಿ ಬಿಡುವವನು ಪುಸ್ತಕದಲ್ಲಿ ಹನ್ನೆರಡು ಅಡಿ ಎಂದು ಬರೆದೇ ಎದ್ದು ಹೋಗುವುದು. ಕಡಿಮೆ ಬರೆದರೆ, ಟ್ಯಾಂಕು ತುಂಬಿಸದೆ ಹೋದ ಎಂದು ಬರುವವನು ಬಯ್ಯುತ್ತಾನೆ. ಅದರಲ್ಲೂ ನನ್ನ ನಂತರ ಬರುವವನ ಗಂಟಲಿಗೆ ಸೈರನ್ ಎಂದೇ ಹೆಸರು. ಬಂದವನು ನೀರಿನ ಮಟ್ಟ ತೋರಿಸುವ ಗೇಜಿನ ಮುಳ್ಳು ನೋಡಿ ಪಂಪು ಹಾಕುತ್ತಾನೆ, ಕೆಲಸ ನಡೆಯುತ್ತದೆ. ಆ ಹನ್ನೆರಡು ಸುಳ್ಳೆಂದು ನಮಗೆಲ್ಲ ಗೊತ್ತಿತ್ತು. ಅವಳ ಮಾಡೆಲ್‌ಗೆ ಗೊತ್ತಿರಲಿಲ್ಲ.

ಹೇಳಿದರೆ ನನ್ನ ಕೆಲಸ ಹೋಗಬಹುದು. ಹೇಳದಿದ್ದರೆ ನಾಳೆ ಹೆರಿಗೆ ವಾರ್ಡಿನ ನಲ್ಲಿ ಒಣಗುತ್ತದೆ, ಹೆಸರು ಕೆಡುವುದು ಈ ಹುಡುಗಿಯದು.

“ಏಳೇ, ಹೊರಗೆ ಬಾ.”

ಟ್ಯಾಂಕಿನ ಗೋಡೆಯ ಗೇಜಿನಲ್ಲಿ ಮುಳ್ಳು ಒಂಬತ್ತರಲ್ಲಿತ್ತು. ಒಳಗೆ ಕರೆತಂದು ಪುಸ್ತಕ ತೋರಿಸಿದೆ. ಎರಡು ಗಂಟೆಯ ಸಾಲಿನಲ್ಲಿ ನನ್ನದೇ ಅಕ್ಷರ: ೧೨.

“ಇನ್ನೂ ಎರಡು ಗಂಟೆನೇ ಆಗಿಲ್ವಲ್ಲ ಮಾವ!”

“ಅದನ್ನೇ ಹೇಳ್ತಿರೋದು.”

ಅವಳು ಹಿಂದಿನ ಪುಟಗಳನ್ನು ತಿರುವಿದಳು: ದಿನಾ ಎರಡು ಗಂಟೆಗೆ ೧೨. ಆಮೇಲೆ ಪಂಪಿನ ಸದ್ದನ್ನೂ ಮೀರಿ ಕೂಗಾಡಿದಳು. “ಮೂರು ತಿಂಗಳು! ಇಲ್ಲದಿರೋ ನೀರಿಗೆ ಮೂರು ತಿಂಗಳು ತಲೆ ಕೆಡಿಸ್ಕೊಂಡಿದ್ದೀನಿ!”

“ಬಯ್ಯೋದು ಆಮೇಲೆ ಬಯ್ಯಿ. ಈ ಸಿಟ್ಟು ನಿನಗೆ ನಮ್ಮ ಮನೆ ಕಡೆಯಿಂದಲೇ ಬಂದಿದ್ದು. ಈಗ ಸರಿ ಮಾಡು.”

ಪಾಳಿ ಹೊತ್ತಿನ ಅಂಕಿಗಳನ್ನೆಲ್ಲ ಕಿತ್ತುಹಾಕಿ, ಸುಳ್ಳು ಟ್ಯಾಂಕನ್ನು ಮತ್ತೆ ಕಟ್ಟಿ, ಆರನ್ನೂ ಹೊಸದಾಗಿ ಆಡಿಸಿದಳು. ತೊಂಬತ್ತೇಳರ ಜಾಣ ಪರದೆಯ ಮಧ್ಯಾಹ್ನದೊಳಗೇ ಟ್ಯಾಂಕು ಬರಿದು ಮಾಡಿ ಕೊನೆಗೆ ಬಿದ್ದ. ಮೊದಲು ಯಾರೂ ತಿರುಗಿ ನೋಡದ ಐದನೇದು ಮೇಲೆ ಬಂತು.

“ಇದು ಹತ್ತಡಿ ಕೆಳಗೆ ಇಳಿಯೋಕೇ ಬಿಡಲ್ಲ ಮಾವ. ಬರೀ ಅಂಜುಬುರುಕ.”

“ಆಸ್ಪತ್ರೆಗೆ ಅಂಜುಬುರುಕನೇ ಇರ್ಲಿ ಬಿಡು.”

ನಾಲ್ಕಕ್ಕೆ ದೊಡ್ಡ ಎಂಜಿನಿಯರ್ ಬಂದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ಎದ್ದು, ಬೀರುವಿನ ತಳದಿಂದ ಒಂದು ಹಳೇ ಲಾಗ್‌ಬುಕ್ಕು ತೆಗೆದು ಅವಳ ಮುಂದಿಟ್ಟರು. ಮುದ್ದಾದ ಅಕ್ಷರದಲ್ಲಿ ೧೨, ೧೨, ೧೨. ಪಕ್ಕದಲ್ಲಿ ಅವರದೇ ಸಹಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಇಲ್ಲೇ ಪಾಳಿ ಮಾಡಿದ್ದರಂತೆ.

“ಐದನೇದೇ ಹಾಕಮ್ಮ” ಎಂದರು. ಆಮೇಲೆ ನನ್ನ ಮುಖ ನೋಡದೆಯೇ ನನಗೆ ಹೇಳಿದರು: “ನೀವು ಒಂದು ತಿಂಗಳು ಅದರ ಪಕ್ಕದಲ್ಲೇ ಕೂತಿರಿ. ಕಂಡಿದ್ದನ್ನೇ ಬರೀರಿ.”

ಹೊರಗೆ ಮೆಟ್ಟಿಲ ಮೇಲೆ ಕೂತೆ. ನಗು ತಡೆಯಲಾಗುತ್ತಿರಲಿಲ್ಲ. ಅವಳೂ ಬಂದು ಪಕ್ಕದಲ್ಲಿ ಕೂತು ನಕ್ಕಳು.

ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿದೆ. ನಲ್ಲಿಗಳಲ್ಲಿ ನೀರು ಜೋರಾಗಿಯೇ ಬರುತ್ತಿತ್ತು. ಎರಡಕ್ಕೆ ಮುಳ್ಳು ನೋಡಿ ಬರೆದೆ: ಹತ್ತೂಕಾಲು ಅಡಿ.

“ಟ್ಯಾಂಕು ತುಂಬಿಸ್ದೆ ಹೋಗ್ತೀಯೇನೋ ಸೋಮಾರಿ!” ಸೈರನ್ ಶುರುವಾಯಿತು.

ನಾನು ಊಟದ ಡಬ್ಬಿ ಎತ್ತಿಕೊಂಡೆ. “ಐದನೇ ನಂಬರಿನೋನ್ನ ಬಯ್ಯಪ್ಪ. ಅವನಿಗೆ ಎಷ್ಟು ಬಯ್ದರೂ ಸಿಟ್ಟು ಬರಲ್ಲ.”