ಶೈಲಾಳ ಓದು ಮತ್ತು ಗುಮಾಸ್ತಾ ಲೈಸೆನ್ಸು

“ಗುಮಾಸ್ತಾ ಲೈಸೆನ್ಸಿಗೆ ಕಟ್ಟ ಹಾಕಿಸಿ ಗ್ವಾಡಿಗೆ ತೂಗಬಿಟ್ಟಾರ. ಇನ್ನೇನ ನೋಡಬೇಕವಾ ನಿನಗ?” ಎಂದರು ಶಿವಗಂಗವ್ವ, ರಿಕ್ಷಾದಿಂದ ಇಳಿಯುತ್ತ.

ಸೊಸೆ ಶೈಲಾ ರಿಕ್ಷಾದವನಿಗೆ ದುಡ್ಡು ಎಣಿಸಿ ಕೊಟ್ಟಳು. ಅತ್ತೆ-ಸೊಸೆ ಇಬ್ಬರೂ ಪುಣೆಯ ಕೊಂಢವಾ ಬಡಾವಣೆಯ ದೊಡ್ಡ ರಸ್ತೆಯಲ್ಲಿರುವ ಒಂದು ಕೋಚಿಂಗ್ ಕ್ಲಾಸಿಗೆ ಹೋಗಿ ಬಂದಿದ್ದರು. ಅಲ್ಲಿ ಕುಳಿತಿದ್ದ ಸ್ವಪ್ನಿಲ್ ಎಂಬಾತ ಬಾಯಿ ತುಂಬ ಮಾತಾಡಿದ್ದ. ಮನೆಯಲ್ಲೇ ಮೊಬೈಲಿನಲ್ಲಿ ಓದಿ, ಒಂದೇ ವರ್ಷದಲ್ಲಿ ಬಿ.ಕಾಂ. ಪದವಿ, ಅದು ಕೈಗೆ ಬಂದರೆ ಸೀದಾ ಸಿ.ಎ. ಓದಿಗೆ ಪ್ರವೇಶ. ನಾಳೆಯೇ ಕೊನೆಯ ದಿನ, ತಡ ಮಾಡಿದರೆ ಸೀಟು ಹೋಯಿತು ಎಂದಿದ್ದ. ಸರಕಾರದ ಪರವಾನಗಿ ಇದೆಯೇನಪ್ಪಾ ಎಂದು ಶಿವಗಂಗವ್ವ ಕೇಳಿದಾಗ ಗೋಡೆಯತ್ತ ಬೆರಳು ಮಾಡಿ, ಅದೇ ನಮ್ಮ ಗುಮಾಸ್ತಾ ಲೈಸೆನ್ಸು ಎಂದ.

ಅಷ್ಟು ಸಾಕಾಯಿತು. ಶಿವಗಂಗವ್ವನವರ ತಮ್ಮ ಬೈಲಹೊಂಗಲದ ಅರಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಅವರ ಪಾಲಿಗೆ ಗುಮಾಸ್ತ ಎಂದರೆ ಲೆಕ್ಕ ಬರೆಯುವ ಮನುಷ್ಯ. ಗುಮಾಸ್ತರನ್ನು ತಯಾರು ಮಾಡಲು ಸರಕಾರವೇ ಇವರಿಗೆ ಲೈಸೆನ್ಸು ಕೊಟ್ಟಿದೆ ಅಂದಮೇಲೆ ಅನುಮಾನ ಎಲ್ಲಿಯದು? ಇಷ್ಟು ವರ್ಷ ಓದಿನ ಮಾತು ಬಂದಾಗಲೆಲ್ಲ ಮಗು ದೊಡ್ಡದಾಗಲಿ, ಮನೆಯೊಂದು ಆಗಲಿ ಎನ್ನುತ್ತಿದ್ದವರು ಅಲ್ಲೇ ನಿಂತ ಕಾಲ ಮೇಲೆ ಹೂಂ ಎಂದುಬಿಟ್ಟರು.

ಆ ಹೂಂ ಶೈಲಾಳ ಎದೆಯಲ್ಲಿ ಬಿಸಿ ಕೆಂಡದ ಹಾಗೆ ಕೂತಿತ್ತು. ಅವಳು ಕಾಮರ್ಸಿನಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ಪುಣೆಗೆ ಬಂದವಳು. ಈಗ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಅಂಗಡಿಗೆ ಬರುವ ಆಡಿಟರಮ್ಮ ಎದುರಿಗೆ ಕೂತು ಪ್ರಶ್ನೆ ಕೇಳುವಾಗ, ಆ ಕುರ್ಚಿಯಲ್ಲಿ ತಾನು ಕೂತ ಹಾಗೆ ಎಷ್ಟೋ ಸಲ ಅನಿಸಿತ್ತು. ಆದರೆ ಮೂರು ವರ್ಷದ ಬಿ.ಕಾಂ. ಒಂದೇ ವರ್ಷಕ್ಕೆ ಹೇಗೆ ಮುಗಿಯುತ್ತದೆ? ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಹೂಂ ಹೋಗುತ್ತದೆ.

ಮಧ್ಯಾಹ್ನ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಮೇಲಿನ ಮನೆಯ ತ್ರಿವೇಣಿ ಸಿಕ್ಕಳು. ಧಾರವಾಡದ ಕಡೆಯವಳು. ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಬಿ.ಕಾಂ. ಓದಿ, ಸಿ.ಎ. ಪರೀಕ್ಷೆಯ ನಡುವಿನ ಹಂತ ದಾಟಿ, ಈಗ ಪುಣೆಯದೇ ವಾಕಡದಲ್ಲಿ ಒಬ್ಬ ಆಡಿಟರ ಕಚೇರಿಯಲ್ಲಿ ತರಬೇತಿ ಪಡೆಯುತ್ತಿದ್ದಳು, ಅಂದು ರಜೆಯಲ್ಲಿದ್ದಳು. ಶೈಲಾ ಹಿಂಡಿದ ಸೀರೆಯನ್ನೇ ಮತ್ತೆ ಮತ್ತೆ ಹಿಂಡುವುದನ್ನು ನೋಡಿ ಏನಾಯಿತೆಂದು ಕೇಳಿದಳು. ಶೈಲಾ ಎಲ್ಲವನ್ನೂ ಹೇಳಿದಳು. ಗುಮಾಸ್ತಾ ಲೈಸೆನ್ಸಿನ ಮಾತು ಬಂದಾಗ ತ್ರಿವೇಣಿ ನಗು ತಡೆಯಲಾರದೆ ಹಗ್ಗ ಹಿಡಿದು ನಿಂತಳು.

“ಅದು ಅಂಗಡಿ ತೆಗೀಲಿಕ್ಕೆ ಕೊಡೋ ಲೈಸೆನ್ಸು. ಮಹಾರಾಷ್ಟ್ರದಾಗ ಅದಕ್ಕ ಗುಮಾಸ್ತಾ ಅಂತಾರ. ಪಾನ್ ಅಂಗಡಿಯವಗೂ ಅದ, ಇಸ್ತ್ರಿಯವಗೂ ಅದ. ಓದಿಗೂ ಅದಕ್ಕೂ ಸಂಬಂಧ ಇಲ್ಲ.”

ಆಮೇಲೆ ನಗು ನಿಲ್ಲಿಸಿ ನಿಧಾನವಾಗಿ ತಿಳಿಸಿದಳು. ಆನ್‌ಲೈನ್ ಪದವಿ ತಪ್ಪಲ್ಲ, ತಾನೂ ಹಾಗೇ ಓದಿದವಳು. ಆದರೆ ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನಡೆಸುವ ಯುಜಿಸಿಯ ಮಾನ್ಯತೆ ಇರಬೇಕು. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಬಿ.ಕಾಂ.ಗೆ ಕನಿಷ್ಠ ಮೂರು ವರ್ಷ ಬೇಕು. ಅದರಲ್ಲಿ ನೂರಕ್ಕೆ ಐವತ್ತೈದು ಅಂಕ ಬಂದರೆ ಸಿ.ಎ. ಓದಿನ ಮೊದಲ ಮೆಟ್ಟಿಲು ಬಿಟ್ಟು ಎರಡನೆಯದಕ್ಕೇ ಹೆಸರು ಹಚ್ಚಬಹುದು. ಪದವಿಗಾಗಿ ಕಾಯುವುದು ಬೇಡವೆಂದರೆ ಪಿಯುಸಿ ಆಧಾರದ ಮೇಲೆ ಆ ಮೊದಲ ಮೆಟ್ಟಿಲಿನ ಫೌಂಡೇಶನ್ ಪರೀಕ್ಷೆ ಬರೆಯಬಹುದು, ಸಿ.ಎ. ಸಂಸ್ಥೆಯೇ ಆನ್‌ಲೈನಿನಲ್ಲಿ ಪಾಠ ನಡೆಸುತ್ತದೆ. ಹೇಗೆ ಹೋದರೂ ಪರೀಕ್ಷೆಗೆ ಕೇಂದ್ರಕ್ಕೆ ಹೋಗಬೇಕು, ಆಡಿಟರ ಕೈಕೆಳಗೆ ತರಬೇತಿಯೂ ತಪ್ಪಿದ್ದಲ್ಲ.

“ಆನ್‌ಲೈನ್ ಅಂದ್ರ ಹಾದಿ ಮನಿ ಹತ್ತರ ಬರ್ತದ, ಶೈಲಾ. ಗಿಡ್ಡ ಆಗೂದಿಲ್ಲ.”

ಶೈಲಾ ಸೀರೆಯನ್ನು ಹಗ್ಗದ ಮೇಲೆ ಹರವಿದಳು. ಒಂದು ವರ್ಷ ಅಂತ ಕೇಳಿ ಒಪ್ಪಿದವರು ಅತ್ತೆ. ಬಹಳ ವರ್ಷ ಬೇಕು ಅಂದರೆ ಏನನ್ನುತ್ತಾರೋ. ಸುಮ್ಮನೆ ನಾಳೆ ಆ ಕ್ಲಾಸಿಗೇ ಹೋಗಿ ಹೆಸರು ಹಚ್ಚಿ ಬರಲೇ ಎಂದಳು. ಹಚ್ಚು, ಆದರೆ ಆ ಪದವಿ ಹಿಡಿದು ಹೋದಾಗ ಸಿ.ಎ. ಸಂಸ್ಥೆಯವರು ಇದು ನಡೆಯುವುದಿಲ್ಲ ಎಂದು ವಾಪಸು ಕಳಿಸಿದರೆ ಅತ್ತೆಗೆ ಏನು ಹೇಳುತ್ತೀ ಎಂದು ಕೇಳಿದಳು ತ್ರಿವೇಣಿ. ಶೈಲಾ ಸೀರೆಗೆ ಕ್ಲಿಪ್ಪು ಸಿಕ್ಕಿಸಿ ಕೆಳಗೆ ನಡೆದಳು.

ಸಂಜೆ ಆ ಲೈಸೆನ್ಸಿನ ಸಂಗತಿ ಅತ್ತೆಗೆ ತಿಳಿಸಲು ಶೈಲಾಳ ಜೊತೆಗೆ ತ್ರಿವೇಣಿಯೂ ಬಂದಳು. ಆದರೆ ಶಿವಗಂಗವ್ವ ನಂಬಲಿಲ್ಲ. ಸರಕಾರದ ಶಿಕ್ಕಾ ಒತ್ತಿದ ಕಾಗದ ಕಣ್ಣಾರೆ ಕಂಡಿದ್ದೇನೆ ಎಂದು ಪಟ್ಟು ಹಿಡಿದರು.

“ಕಾಕೂ, ದಿನಾ ಜ್ವಾಳ ಬೀಸಿಸ್ತೀರಲ್ಲ, ಆ ಕೃಷ್ಣಾಜಿಯ ಗಿರಣ್ಯಾಗ ಗ್ವಾಡಿಮ್ಯಾಲ ಒಂದ ಕಟ್ಟಿನ ಕಾಗದ ಅದ. ಏನಂತ ಕೇಳ್ರಿ,” ಎಂದಳು ತ್ರಿವೇಣಿ.

ಶಿವಗಂಗವ್ವ ಹಟಕ್ಕೆ ಬಿದ್ದು ಜೋಳದ ಡಬ್ಬಿ ಎತ್ತಿಕೊಂಡೇ ಹೊರಟರು. ಹಿಂದೆ ಈ ಇಬ್ಬರು. ಗಿರಣಿಯ ಗೋಡೆಯಲ್ಲಿ ಹಿಟ್ಟು ಮೆತ್ತಿಕೊಂಡ ಕಾಗದ ಇದ್ದದ್ದು ನಿಜ. ಅದೇನೆಂದು ಕೇಳಿದಾಗ ಕೃಷ್ಣಾಜಿ, ನನ್ನ ಗುಮಾಸ್ತಾ ಎಂದ. ಶಿವಗಂಗವ್ವ ತಮ್ಮ ಹರುಕು ಮರಾಠಿಯಲ್ಲಿ, ಹಾಗಾದರೆ ನೀನೂ ಲೆಕ್ಕ ಬರೆಯುವುದನ್ನು ಕಲಿಸುತ್ತೀಯೇನಪ್ಪಾ ಎಂದು ಕೇಳಿದರು.

“ನಾಹೀ ಆಜಿ, ಮೀ ಫಕ್ತ ಪೀಠ ದಳತೋ,” ಎಂದ ಆತ. ಇಲ್ಲ ಅಜ್ಜೀ, ನಾನು ಬರೇ ಹಿಟ್ಟು ಬೀಸುತ್ತೇನೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಶಿವಗಂಗವ್ವ ನಗಲಿಲ್ಲ.

ಮನೆಗೆ ಬಂದಾಗ ಶೈಲಾಳ ಗಂಡ ಮಾಂತು ಕೆಲಸದಿಂದ ಬಂದಿದ್ದ. ಎಲ್ಲ ಕೇಳಿದ ಮೇಲೆ ಅವನೇ ಸ್ವಪ್ನಿಲ್‌ಗೆ ಫೋನು ಹಚ್ಚಿ, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಯುಜಿಸಿ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ಎಂದು ಕೇಳಿದ. ಆಫೀಸಿಗೆ ಬನ್ನಿ, ಕೂತು ಮಾತಾಡೋಣ ಎಂದಿತು ಆ ಕಡೆಯ ದನಿ. ಮಾಂತು ಅದನ್ನೇ ಮತ್ತೊಮ್ಮೆ ಕೇಳಿದ. ಫೋನು ಕಟ್ಟಾಯಿತು.

ಶೈಲಾ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು.

“ಅಂದ್ರ ಒಂದ ವರ್ಷದಾಗ ಮುಗಿಯೂದಲ್ಲ ಇದು,” ಎಂದರು ಶಿವಗಂಗವ್ವ.

“ಇಲ್ಲರಿ ಅತ್ತಿ. ಭಾಳ ವರ್ಷ ಬೇಕು.”

“ನಿನಗ ಆವಾಗ ಅನುಮಾನ ಬಂದಿದ್ದಿಲ್ಲೇನು?”

“ಬಂದಿತ್ರಿ. ನೀವು ಹೂಂ ಅಂದಿದ್ರಿ. ಎಲ್ಲಿ ಅದು ಹೋಗತೈತೋ ಅಂತ ಅಂಜಿ ಬಾಯಿ ಮುಚ್ಚಿದೆ.”

ಶಿವಗಂಗವ್ವ ಹಿಟ್ಟಿನ ಡಬ್ಬಿಯನ್ನು ಕೆಳಗಿಟ್ಟು ಕೈ ಝಾಡಿಸಿದರು. “ನಾ ಹೂಂ ಅಂದದ್ದು ಆ ಗ್ವಾಡಿಮ್ಯಾಲಿನ ಕಾಗದಕ್ಕಲ್ಲ, ನಿನಗ. ವರ್ಷ ಹೋಗೂವು ಹೋಗತಾವ. ನೀ ಓದಿದ್ರೂ ಹೋಗತಾವ, ಬಿಟ್ರೂ ಹೋಗತಾವ. ಖರೇ ಹಾದಿ ಯಾವದು ಅಂತ ಈ ತ್ರಿವೇಣಿ ಕಡೆ ಕೇಳಿಕೋ, ಹಚ್ಚು ಹೆಸರ.”

“ಫೇಲ್ ಆದ್ರ?” ಎಂದ ಮಾಂತು, ಮೆಲ್ಲಗೆ.

“ಆದ್ರ ಮತ್ತ ಬರೀತಾಳ. ನೀ ಎಸ್ಸೆಸ್ಸೆಲ್ಸಿ ಒಂದ ಸಲಕ್ಕ ಪಾಸ್ ಆಗಿದ್ಯೇನು?”

ಈ ಕಥೆ ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬರಿಗೆ ಓದು ಮುಂದುವರಿಸುವ ಆಸೆ ಇದ್ದೇ ಇರುತ್ತದೆ. ಮನೆಯಲ್ಲೇ ಕೂತು ಓದಿ, ಧೈರ್ಯವಾಗಿ ಓದಿ. ಆದರೆ ಹೆಸರು ಹಚ್ಚುವ ಮೊದಲು ಪದವಿ ಕೊಡುವವರು ಯಾರು, ಅವರ ಹೆಸರು ಯುಜಿಸಿ ಪಟ್ಟಿಯಲ್ಲಿ ಇದೆಯೇ ಎಂದು ನೀವೇ ತೆಗೆದು ನೋಡಿ. ಲೆಕ್ಕಪರಿಶೋಧಕರಾಗಬೇಕೆಂದಿದ್ದರೆ ಸಿ.ಎ. ಸಂಸ್ಥೆ ಆ ಪದವಿಯನ್ನು ಒಪ್ಪುತ್ತದೆಯೇ ಎಂದು ಆ ಸಂಸ್ಥೆಯನ್ನೇ ಕೇಳಿ, ನಿಯಮಗಳು ಬದಲಾಗುತ್ತಿರುತ್ತವೆ. ನಾಳೆಯೇ ಕೊನೆಯ ದಿನ ಎಂದು ಅವಸರ ಮಾಡುವವರ ಎದುರಿಂದ ಎದ್ದು ಬನ್ನಿ. ಅನುಮಾನ ಬಂದರೆ ನುಂಗಬೇಡಿ, ಮನೆಯವರ ಮುಂದೆ ಆಡಿಬಿಡಿ.

ಅಂದು ರಾತ್ರಿ ಊಟಕ್ಕೆ ಮೊದಲೇ ಶೈಲಾ ಮೊಬೈಲು ಹಿಡಿದು ತ್ರಿವೇಣಿಯ ಪಕ್ಕ ಕೂತು ಯುಜಿಸಿಯ ಪಟ್ಟಿ ತೆಗೆದಳು. ಒಳಗೆ ಕುಕ್ಕರು ಸೀಟಿ ಹೊಡೆಯಿತು. ಅವಳು ರೂಢಿಯಂತೆ ಏಳಹೋದಳು. ಅಷ್ಟರಲ್ಲಿ ಮಾಂತು ಎದ್ದು ಹೋಗಿ ಗ್ಯಾಸು ಸಣ್ಣ ಮಾಡಿದ.