ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಕೊಲೆಗಾರ

ಮೊದಲು ನನ್ನ ಮುಷ್ಟಿಯ ವಿಷಯ ಹೇಳಿಬಿಡುತ್ತೇನೆ, ಪುಸ್ತಕದ ವಿಷಯ ಆಮೇಲೆ. ಬನಶಂಕರಿಯ ಗರಡಿಯಲ್ಲಿ ಈ ಗೂಳಪ್ಪ ಒಮ್ಮೆ ತೊಡೆ ತಟ್ಟಿದರೆ ಪದ್ಮನಾಭನಗರದ ಟ್ಯೂಷನ್ ಮಕ್ಕಳು ಗುಡುಗು ಅಂದುಕೊಂಡು ಕೊಡೆ ಬಿಚ್ಚುತ್ತಾರೆ. ಅಂಥ ಮುಷ್ಟಿ ದೆಹಲಿಯಲ್ಲಿ ಒಬ್ಬ ಟ್ಯಾಕ್ಸಿಯವನ ಕಾರಿನ ಮೇಲೆ ಬಿತ್ತು. ಬಾನೆಟ್ಟು ಬಾಣಲೆಯಾಯಿತು, ನಿಜ. ಆದರೆ ಆ ಮುಷ್ಟಿಯೊಳಗೆ ನನ್ನ ಫೋನೂ ಇತ್ತು. ವಾಪಸ್ ಬರುವ ವಿಮಾನ ಹತ್ತುವಾಗ ನನ್ನ ಜೇಬಿನಲ್ಲಿ ಉಳಿದದ್ದು ಒಂದು ಹಿಡಿ ಗಾಜಿನ ಪುಡಿ.

ಫೋನಿಲ್ಲದೆ ಆಕಾಶದಲ್ಲಿ ಕೂರುವುದೆಂದರೆ ಕೈಕಾಲು ಕಟ್ಟಿ ಬಾವಿಗೆ ಎಸೆದ ಹಾಗೆ. ಬ್ಯಾಗು ತಡಕಿದೆ. ನನ್ನ ಹೆಂಡತಿ ಜಯಾ ಊರಿಂದ ಹೊರಡುವಾಗ ತುರುಕಿದ್ದ ಪತ್ತೇದಾರಿ ಕಾದಂಬರಿ ಸಿಕ್ಕಿತು. "ಸದಾ ಆ ಫೋನ್ ಉಜ್ತಾ ಇರ್ಬೇಡಿ, ಇದನ್ನ ಓದಿ. ಚಕ್ರಪಾಣಿಯವರ ಅಂಗಡೀದು, ಹುಷಾರು" ಎಂದಿದ್ದಳು. ರಟ್ಟು ಹರಿದು ಹೋಗಿದ್ದರಿಂದ ಅದಕ್ಕೆ ಹೆಸರೇ ಇರಲಿಲ್ಲ.

ಚಕ್ರಪಾಣಿಯವರದು ಜಯನಗರದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ. ಪತ್ತೇದಾರಿ ಕಾದಂಬರಿ ಬಂದ ದಿನವೇ ಅವರು ಅದರ ಕೊನೆಯ ಅಧ್ಯಾಯವನ್ನು ಬ್ಲೇಡಿನಿಂದ ಕೊಯ್ದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಪುಸ್ತಕವನ್ನು ಹಿಂದಿರುಗಿಸಲು ಬಂದವರು ಮಾತ್ರ ಅಲ್ಲೇ ನಿಂತು ಅದನ್ನು ಓದಬಹುದು. ಹಾಗಾಗಿ ಅವರ ಒಂದು ಪುಸ್ತಕವೂ ಈವರೆಗೆ ಕಳೆದಿಲ್ಲ.

ಹೈಸ್ಕೂಲು ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಬಸ್ಸಿನ ಬೋರ್ಡು. ಬೇಕೋ ಬೇಡವೋ ಎಂದು ಮೊದಲ ಪುಟ ತೆರೆದೆ. ಅಕ್ಕಿ ಮಿಲ್ಲಿನ ಸಾಹುಕಾರನೊಬ್ಬ ತನ್ನದೇ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ನುಚ್ಚಾಗಿದ್ದ. ಎರಡನೇ ಅಧ್ಯಾಯದಲ್ಲಿ ಅವನ ಗುಮಾಸ್ತನ ಕುತ್ತಿಗೆ ಕೊಯ್ದಿದ್ದರು, ಮೂರನೆಯದರಲ್ಲಿ ಅಡುಗೆಯವನು ಕುದಿಯುವ ಹಂಡೆಯೊಳಗೆ. ಪುಟ ತಿರುಗಿಸಿದರೆ ಬೆರಳಿಗೆ ರಕ್ತ ಅಂಟುತ್ತದೇನೋ ಅನ್ನಿಸುತ್ತಿತ್ತು. ಚಿಕ್ಕಂದಿನಲ್ಲಿ ಗರಡಿಯ ಮಣ್ಣಿನ ಮೇಲೆ ಬೋರಲು ಮಲಗಿ, ಉಸ್ತಾದರು ಬೆನ್ನಿಗೆ ಬಾರಿಸುವವರೆಗೆ ಕತೆ ಓದುತ್ತಿದ್ದೆನಲ್ಲ, ಆ ಹಸಿವು ಎಲ್ಲಿ ಅಡಗಿತ್ತೋ, ಎದ್ದು ಬಂದು ನನ್ನ ಗಂಟಲು ಹಿಡಿಯಿತು. ಗಗನಸಖಿ ಊಟದ ಗಾಡಿ ತಂದಳಂತೆ, ನಾನು ನೋಡಲಿಲ್ಲ. ಈ ಗೂಳಪ್ಪ ಬಿಟ್ಟ ಅನ್ನ ಚರಿತ್ರೆಯಲ್ಲಿ ಅದೊಂದೇ! ಕೊಂದವನು ಯಾರು? ಡ್ರೈವರೋ, ಡಾಕ್ಟರೋ, ಎರಡನೇ ಹೆಂಡತಿಯೋ? ನನಗೆ ಅದೊಂದೇ ಬೇಕಿತ್ತು.

ಆಗ ಪಕ್ಕದ ಸೀಟಿನವನು ಕೆಮ್ಮಿದ. ಬಿಟಿಎಂ ಲೇಔಟಿನ ಸುಭಾಷ್ ಅಂತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಕುತ್ತಿಗೆ ಕೋಣನದು.

"ಗುರು, ಇದು ಚಕ್ರಪಾಣಿ ಸಾರ್ ಅಂಗಡಿ ಬುಕ್ಕಲ್ವಾ? ಸೀಲ್ ನೋಡ್ದೆ. ನಾನು ಹೋದ್ ತಿಂಗ್ಳೇ ಓದ್ದೆ."

"ಹೂಂ."

"ಸಾಹುಕಾರನ್ನ ಕೊಂದಿದ್ದು ಯಾರು ಹೇಳ್ಲಾ?"

"ಬಾಯಿ ಮುಚ್ಚು."

"ಒಂದೇ ಒಂದು ಕ್ಲೂ, ಅಣ್ಣ. ಅವನಿಗೆ ಮೀಸೆ ಇದೆ."

"ಇನ್ನೊಂದು ಮಾತಾಡಿದ್ರೆ ನಿನ್ ಮೀಸೆ ಕಿತ್ತು ನಿನ್ ಕೈಗೇ ಕೊಡ್ತೀನಿ."

"ಏನ್ ಕೋಪ ಮಗಾ ನಿನಗೆ! ಡ್ರೈವರ್ರು, ತಗೋ" ಎಂದು ಹಲ್ಲು ಕಿರಿದ.

ಹೊಡೆದೆ. ಆ ಏಟಿಗೆ ವಿಮಾನ ಎಡಕ್ಕೆ ವಾಲಿತು. ಹೊರಗೆ ಗಾಳಿ ಜೋರಿದೆ ಎಂದು ಪೈಲಟ್ ಮೈಕಿನಲ್ಲಿ ಹೇಳಿದ, ಪಾಪ. ಸುಭಾಷನೂ ಸಾಮಾನ್ಯನಲ್ಲ. ತಲೆಯಿಂದ ನನ್ನ ಮೂಗಿಗೆ ಗುದ್ದಿದ. ಲಟಕ್ಕೆಂದಿತು. ರಕ್ತ ನನ್ನ ಬನಿಯನ್ ತೋಯಿಸಿ, ಕಾದಂಬರಿಯ ಏಳನೇ ಹೆಣದ ಮೇಲೂ ಬಿತ್ತು. ಅವನ ಕತ್ತು ಕಂಕುಳಲ್ಲಿ ಸಿಕ್ಕಿಸಿ ಹಿಂಡಿದೆ, ಅವನು ನನ್ನ ಪಕ್ಕೆಗೆ ಮೊಣಕೈ ಇಳಿಸಿದ. ಇಬ್ಬರೂ ನಡುದಾರಿಯಲ್ಲಿ ಉರುಳಿದೆವು. "ಅಯ್ಯಯ್ಯೋ, ಬಿಡ್ಸಿ ಯಾರಾದ್ರೂ!" ಎಂದು ಒಬ್ಬಾಕೆ ಕಿರುಚುತ್ತಾ ನಮ್ಮಿಬ್ಬರಿಗೂ ಚಪ್ಪಲಿಯಲ್ಲಿ ಬಾರಿಸಿದಳು. ಪುಸ್ತಕಕ್ಕೆ ಕೈ ಹಾಕಿದ ಅವನು ಒಂದು ಕಡೆ ಎಳೆದ, ನಾನು ಇನ್ನೊಂದು ಕಡೆ ಎಳೆದೆ. ಚರ್ರನೆ ನಡುಮಧ್ಯೆ ಸೀಳಿಹೋಯಿತು.

ಇಳಿದ ಮೇಲೆ ನನ್ನನ್ನು ಹಿಡಿಯಲು ನಲವತ್ತು ಜನ ಸೆಕ್ಯುರಿಟಿಯವರು ಬಂದರು. ಜಯಾ ಕೇಳಿದರೆ ಇಬ್ಬರು ಅನ್ನುತ್ತಾಳೆ, ಅವಳೇನು ಅಲ್ಲಿದ್ದಳೇ? ಮೂಗಿಗೆ ಹತ್ತಿ ತುರುಕಿ, ದಂಡ ಕಟ್ಟಿಸಿಕೊಂಡು, ಇಬ್ಬರನ್ನೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ತಳ್ಳಿದರು. ಮೂಗಿನ ನೋವು ನನಗೆ ನೆನಪೇ ಇರಲಿಲ್ಲ. ಡ್ರೈವರ್ ಹೇಗೆ ಕೊಂದಿರಲು ಸಾಧ್ಯ? ಆ ಹೊತ್ತಿಗೆ ಅವನು ಕಾರಿನ ಟೈರು ಬದಲಿಸುತ್ತಿದ್ದ, ಐದನೇ ಅಧ್ಯಾಯ, ನಾನೇ ಓದಿದ್ದೇನೆ! ಕೈಯಲ್ಲಿದ್ದ ಅರ್ಧ ಪುಸ್ತಕವನ್ನು ಎದೆಗೊತ್ತಿಕೊಂಡು ಮನೆಗೂ ಹೋಗದೆ ಸೀದಾ ಜಯನಗರಕ್ಕೆ ಬಂದೆ.

ಅಂಗಡಿಯ ಷಟರು ಅರ್ಧ ಇಳಿದಿತ್ತು. ಒಳಗೆ ಬಗ್ಗಿ ನೋಡಿದರೆ, ಪುಸ್ತಕದ ಇನ್ನರ್ಧ ಹಿಡಿದುಕೊಂಡು ಸುಭಾಷ್ ನಿಂತಿದ್ದ!

"ಅರ್ಧ ಪುಸ್ತಕ ತಂದವರಿಗೆ ಡಬ್ಬಿ ತೆಗೆಯಲ್ಲ ಕಣಯ್ಯ" ಎನ್ನುತ್ತಿದ್ದರು ಚಕ್ರಪಾಣಿ. ಊದುಬತ್ತಿಯಂಥ ಮುದುಕರು.

"ನಿನಗ್ಯಾಕೋ ಕೊನೇ ಅಧ್ಯಾಯ? ಓದಿದೀನಿ ಅಂದ್ಯಲ್ಲ?" ಎಂದು ಅವನ ಕಾಲರ್ ಹಿಡಿದೆ.

ಅವನ ಮುಖ ಬಾಡಿತು. "ಪುಸ್ತಕ ವಾಪಸ್ ಕೊಡೋಕೆ ನನ್ ಹೆಂಡ್ತಿ ಸಂಘಮಿತ್ರಾನ ಕಳ್ಸಿದ್ದೆ ಅಣ್ಣ. ಅವಳು ಇಲ್ಲೇ ನಿಂತು ಕೊನೇದು ಓದ್ಕೊಂಡು ಬಂದ್ಲು. ನನಗೆ ಇವತ್ತಿಗೂ ಹೇಳಿಲ್ಲ. ಕೇಳಿದ್ರೆ ನಗ್ತಾಳೆ."

"ಮತ್ತೆ ಡ್ರೈವರ್ರು ಅಂದೆ?"

"ಊಹೆ."

ಊಹೆಗೋಸ್ಕರ ನನ್ನ ಮೂಗು ಮುರಿದಿತ್ತು! ಅವನನ್ನು ಎತ್ತಿ ಕಪಾಟಿಗೆ ಅಪ್ಪಳಿಸಿದೆ. ಎರಡು ಸಾಲು ಕಾದಂಬರಿ ನಮ್ಮ ತಲೆಯ ಮೇಲೆ ಸುರಿದವು. ಚಕ್ರಪಾಣಿಯವರು ಷಟರು ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ನನ್ನ ಮೊಣಕಾಲಿಗೆ ಒಂದು, ಅವನ ಮೊಣಕಾಲಿಗೆ ಒಂದು ಇಳಿಸಿದರು. ಮೈಸೂರು ದಸರೆಯ ಕುಸ್ತಿಯಲ್ಲೂ ಮಣ್ಣು ಮುಟ್ಟದ ಬೆನ್ನು ಅಲ್ಲಿ ನೆಲ ಕಂಡಿತು.

"ಎರಡೂ ಅರ್ಧ ಕೊಡ್ರೋ" ಎಂದರು. ಪುಟಗಳನ್ನು ಹೊಂದಿಸಿ, ದಬ್ಬಳದಿಂದ ತೂತು ಮಾಡಿ, ದಾರ ಹಾಕಿ ಬಿಗಿದರು. ರಕ್ತದ ಕಲೆ ನೋಡಿ ಮುಖ ಸಿಂಡರಿಸಿದರು. ಆಮೇಲೆ ಡಬ್ಬಿ ತೆರೆದು ಕೊನೆಯ ಅಧ್ಯಾಯ ಮುಂದಿಟ್ಟರು. "ಒಂದೇ ಪ್ರತಿ. ಇಬ್ಬರೂ ಒಟ್ಟಿಗೆ ಓದ್ಬೇಕು. ಹೊಡೆದಾಡಿದ್ರೆ ಬೆಂಕಿ ಹಚ್ತೀನಿ."

ಭುಜಕ್ಕೆ ಭುಜ ತಾಗಿಸಿ ನಿಂತೆವು. ಅವನು ಓದುವುದು ಬೇಗ.

"ತಿರುಗಿಸ್ಲಾ ಅಣ್ಣ?"

"ತಡಿಯೋ."

"ಈಗ?"

"ಬೆರಳು ಮುರೀತೀನಿ, ತಡಿ."

ನಾನು ಇನ್ನೂ ಮಿಲ್ಲಿನ ಬಾಗಿಲಲ್ಲಿದ್ದೆ. ಅವನ ಕಣ್ಣು ಪುಟದ ತಳಕ್ಕೆ ಇಳಿದು ಅಲ್ಲೇ ನಿಂತಿತು. "ಅಯ್ಯೋ ಶಿವನೇ, ಇದು ಆ..." ಎಂದು ಬಾಯಿ ತೆರೆದ. ಒಂದು ಕೈಯಲ್ಲಿ ಹಾಳೆ ಹಿಡಿದು, ಇನ್ನೊಂದು ಕೈಯಿಂದ ಅವನ ಬಾಯಿ ಒತ್ತಿ, ಸಾಲು ಸಾಲಾಗಿ, ನಿಧಾನವಾಗಿ ಓದಿದೆ. ಅವನು ನನ್ನ ಅಂಗೈಯನ್ನು ಕಚ್ಚಿದ. ರಕ್ತ ಬಂತು. ಬರಲಿ, ಇನ್ನೂ ಎರಡು ಪುಟ ಬಾಕಿ ಇತ್ತು.