ಬೆಲ್ಲ ತಿಂದ ಬಾಯಿ

"ಬೆಲ್ಲ ಮೊದಲ ಕೊಡು. ನೀರು ಆಮ್ಯಾಲ."

ಹೇಳಿದ ಮೇಲೆ ಧೂಳಪ್ಪನಿಗೆ ತನ್ನ ದನಿಯೇ ಅಸಹ್ಯವಾಯಿತು. ಹೆಂಡತಿ ಅಕ್ಕನಾಗಮ್ಮ ಅವನ ಮುಖ ನೋಡಲಿಲ್ಲ.

"ಬಂದವರಿಗೆ ಬೆಲ್ಲನ ಮೊದಲ ಕೊಡೂದು. ನೀವೇನು ಹೊಸಾದು ಹೇಳಾಕತ್ತೀರಿ?"

ಹೊಸದೇನಲ್ಲ, ನಿಜ. ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಇದೇ ಪಡಸಾಲೆಯಲ್ಲಿ, ಈ ಮನೆ ಮಾರುತ್ತಿದ್ದ ಅಮರಪ್ಪ ಕೊಟ್ಟ ಬೆಲ್ಲ ತಿಂದು, ಬಾವಿಯ ನೀರು ಕುಡಿದು, "ಅಮೃತ ಐತಿ ಬಿಡೋ" ಎಂದವನು ತಾನೇ. ಟಿಕೋಟಾ ಸಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತ ಗೆಳೆಯ; ಅವನ ಬಾವಿಯಲ್ಲಿ ಹಣಿಕಿ ನೋಡುವುದು ಅವಮಾನ ಎಂದುಕೊಂಡಿದ್ದ. ತಾನೋ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಹಾಶಯ!

ಮನೆ ಕೊಂಡ ಮೇಲೆ ತಿಳಿಯಿತು: ಹಿತ್ತಲಾಚೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹೊಲಸು ಬಾವಿಗೇ ಇಳಿಯುತ್ತದೆ. ಸೇದಿದಾಗ ತಿಳಿಯಾಗಿರುವ ನೀರು ತುಸು ಹೊತ್ತು ಬಿಟ್ಟರೆ ನೇರಳೆ ಕೆನೆ ಕಟ್ಟುತ್ತದೆ. ಅದರ ಕಹಿ ಬೆಲ್ಲ ತಿಂದ ಬಾಯಿಗೆ ಮಾತ್ರ ತಿಳಿಯುವುದಿಲ್ಲ. ಇಬ್ರಾಹಿಂಪುರದ ಈ ಓಣಿಯ ಮನೆಗಳಿಗೆ ಈಗ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಪೂರ್ತಿ ಬೆಲೆ ಕೊಡುವವನು ಏನೂ ಗೊತ್ತಿಲ್ಲದವನೇ ಆಗಿರಬೇಕು.

"ನನ್ನ ಕಾಲಕ್ಕ ಹಿಂಗಿರಲಿಲ್ಲೋ, ದೇವರಾಣಿ" ಎಂದಿದ್ದ ಅಮರಪ್ಪ. ಧೂಳಪ್ಪ ನಂಬಿದ್ದ. ನಂಬದೆ ಗತಿಯೇನು?

ಅಂಥ ಗೊತ್ತಿಲ್ಲದವನನ್ನು ಇಂದು ಅಮರಪ್ಪನೇ ಕರೆತಂದ. ಕರೆಪ್ಪ, ಧೂಳಪ್ಪನ ಹಳೆಯ ವಿದ್ಯಾರ್ಥಿ; ಈಗ ಗುಮಾಸ್ತ. ಹೆಂಡತಿ ಬಸುರಿ. ಹೊನವಾಡದಿಂದ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿದ್ದಾನೆ.

ಮನೆ ಕೊಳ್ಳಬಂದವರ ಕಣ್ಣೆದುರೇ ಬಾವಿಯ ನೀರು ಸೇದಿ ಕೊಡುವುದು ವಾಡಿಕೆ. ಅಕ್ಕನಾಗಮ್ಮ ಸೇದಿದಳು. ಬೆಲ್ಲದ ತಾಟು, ಎರಡು ಹಿತ್ತಾಳೆ ತಂಬಿಗೆ ತಂದಿಟ್ಟಳು. ಕರೆಪ್ಪ ಬೆಲ್ಲ ಬಾಯಿಗೆ ಹಾಕಿ ಗಟಗಟ ಕುಡಿದ.

"ನೀರಿಗೆ ಬಣ್ಣಿಲ್ಲ, ವಾಸನಿಲ್ಲ, ರುಚಿಲ್ಲ ಅಂತ ಕಲಿಸಿದ್ರಿ ಸರ. ಇದು ಸೀ ಐತಲ್ರಿ!"

ಅಮರಪ್ಪ ನಕ್ಕ. ಅವನೂ ಬೆಲ್ಲ ತಿಂದ. ತಂಬಿಗೆ ಮುಟ್ಟಲಿಲ್ಲ.

"ನೀರು ಕುಡಿಯೋ" ಎಂದ ಧೂಳಪ್ಪ.

"ಈಗರ ಚಾ ಕುಡದೇನಿ."

"ಬಿಸಿಲಾಗ ಬಂದೀದಿ. ಕುಡಿ."

"ಒಲ್ಲೆಪಾ." ಅಮರಪ್ಪ ಬಾಗಿಲ ಕಡೆ ನೋಡಿದ.

ಧೂಳಪ್ಪ ಅವನು ಮುಟ್ಟದ ತಂಬಿಗೆಯನ್ನು ನೋಡಿದ. ಇವನಿಗೆ ಗೊತ್ತಿತ್ತು. ಅಂದು ಬೆಲ್ಲ ಕೊಡುವಾಗಲೇ ಗೊತ್ತಿತ್ತು. ಥೂ, ಇವನೆಂಥ ಗೆಳೆಯ! ನೆಚ್ಚಿದ ಎಮ್ಮೆ ಕೋಣ ಈಯಿತು.

"ನೀವ ಹೇಳ್ರಿ ಸರ" ಎಂದ ಕರೆಪ್ಪ. "ನೀರಿಂದೇನೂ ತ್ರಾಸಿಲ್ಲಲ್ರಿ? ನೀವು ಹೂಂ ಅಂದ್ರ ಮುಗೀತು."

ಧೂಳಪ್ಪ ಬಾಯಿ ತೆರೆದ. ಒಳಗೆ ಅಕ್ಕನಾಗಮ್ಮನ ಬಳೆಯ ಸದ್ದು ನಿಂತಿತು. ಈ ಮನೆ ಇಂದು ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ.

ಅವನ ಕೈ ತಾಟನ್ನು ಕರೆಪ್ಪನತ್ತ ಸರಿಸಿತು.

"ಇನ್ನೊಂದ ಚೂರು ತಗೋ."

ಕರೆಪ್ಪ ತಗೊಂಡ. ತನ್ನ ತಂಬಿಗೆ ಖಾಲಿಯಾಗಿದ್ದರಿಂದ ಅಮರಪ್ಪ ಮುಟ್ಟದೆ ಬಿಟ್ಟ ತಂಬಿಗೆಗೆ ಕೈ ಚಾಚಿದ. ಅದರಲ್ಲಿ ಆಗಲೇ ನೇರಳೆ ಕೆನೆ ಕಟ್ಟತೊಡಗಿತ್ತು.